ಕಂತು ತೀರದ ಮನೆಯಲ್ಲಿ ಬೆಳೆದ ಮಕ್ಕಳ ವಾಸ

ಬೆಂಗಳೂರಿನಲ್ಲಿ ಸಾಲ ಮಾಡಿ ಮನೆ ಕೊಂಡವರು ಸಾಲ ತೀರುವ ಮೊದಲೇ ಊರು ಬಿಡುವುದು ಈಗ ಅಪರೂಪವಲ್ಲ. ನಿವೃತ್ತಿಯಾದ ಮೇಲೆ ಸಾಗರಕ್ಕೋ ಶಿರಸಿಗೋ ಮೈಸೂರಿಗೋ ಹೋಗಿ ನೆಲೆಸುವವರಿದ್ದಾರೆ. ಬ್ಯಾಂಕು, ರೈಲ್ವೆಯಂಥ ಕೆಲಸದಲ್ಲಿ ವರ್ಗವಾಗಿ ಹೊರಟವರಿದ್ದಾರೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಹಳ್ಳಿಗೆ ಮರಳಿದವರೂ ಇದ್ದಾರೆ. ಹೋಗುವಾಗ ಮನೆಯನ್ನು ಖಾಲಿ ಬಿಡಲು ಮನಸ್ಸಾಗುವುದಿಲ್ಲ, ಅಪರಿಚಿತರಿಗೆ ಕೊಡಲು ಧೈರ್ಯ ಬರುವುದಿಲ್ಲ. ಅಷ್ಟರಲ್ಲಿ ಮಗನಿಗೋ ಮಗಳಿಗೋ ಅದೇ ನಗರದಲ್ಲಿ ಕೆಲಸ ಸಿಕ್ಕಿರುತ್ತದೆ. "ಹೊರಗೆ ಯಾರಿಗೋ ಬಾಡಿಗೆ ಕಟ್ಟೋ ಬದಲು ಇಲ್ಲೇ ಇರು, ಕಂತು ನೀನೇ ನೋಡ್ಕೋ" ಎಂದು ಅಪ್ಪ ಹೇಳುತ್ತಾರೆ. "ಆಯ್ತಪ್ಪ" ಎನ್ನುತ್ತಾನೆ ಮಗ. ಮಾತುಕತೆ ಅಲ್ಲಿಗೆ ಮುಗಿಯುತ್ತದೆ.

ಆ ಒಂದೇ ಮಾತಿನೊಳಗೆ ಬೇರೆ ಬೇರೆ ಮೂರು ವಿಷಯಗಳು ಸೇರಿಕೊಂಡಿವೆ. ಮನೆಯಲ್ಲಿ ಯಾರು ವಾಸ ಮಾಡುತ್ತಾರೆ, ಸಾಲದ ಕಂತನ್ನು ಯಾರು ಕಟ್ಟುತ್ತಾರೆ, ಮನೆಯ ಮೇಲೆ ಯಾರಿಗೆ ಹಕ್ಕಿದೆ ಎಂಬ ಈ ಮೂರನ್ನು ಬ್ಯಾಂಕು, ತೆರಿಗೆ ಇಲಾಖೆ, ನ್ಯಾಯಾಲಯ ಎಂದೂ ಒಟ್ಟಿಗೆ ಕಲಸುವುದಿಲ್ಲ. ಕಲಸುವುದು ಕುಟುಂಬಗಳು ಮಾತ್ರ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಹುಟ್ಟುವ ಜಗಳಗಳಲ್ಲಿ ಬಹುಪಾಲು ಈ ಬೆರಕೆಯಿಂದ ಹುಟ್ಟುತ್ತವೆ ಎಂದು ನಾನು ನಂಬುತ್ತೇನೆ.

ಏರ್ಪಾಡು ತನ್ನಷ್ಟಕ್ಕೆ ಒಳ್ಳೆಯದು ಎಂಬುದನ್ನು ಮೊದಲೇ ಹೇಳಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಬೆಂಗಳೂರಿನ ಬಾಡಿಗೆಗಿಂತ ಮುಂಗಡದ ಹೊರೆಯೇ ದೊಡ್ಡದು. ಅದು ತಪ್ಪುತ್ತದೆ. ಜಯದೇವ ಆಸ್ಪತ್ರೆಗೋ ಕಿದ್ವಾಯಿ ಆಸ್ಪತ್ರೆಗೋ ತೋರಿಸಲು ಊರಿಂದ ಬಂದ ತಂದೆತಾಯಿಗೆ ಇಳಿದುಕೊಳ್ಳಲು ತಮ್ಮದೇ ಕೋಣೆ ಇರುತ್ತದೆ. ಮನೆ ಮನುಷ್ಯರ ಉಸಿರಿನಲ್ಲಿರುತ್ತದೆ, ಸೋರುವ ನಲ್ಲಿಯನ್ನು ಯಾರಾದರೂ ಕಾಣುತ್ತಾರೆ. ಮಕ್ಕಳಿಗೆ ಹೀಗೆ ನೆರವಾಗುವುದು ನಮ್ಮ ಕುಟುಂಬಗಳ ಬಲ, ಅದನ್ನು ಕಾನೂನಿನ ಭಯಕ್ಕೆ ಬಿಟ್ಟುಕೊಡಬೇಕಿಲ್ಲ. ಆದರೆ ಸಾಲವಿಲ್ಲದ ಮನೆಗೂ ಸಾಲವಿರುವ ಮನೆಗೂ ವ್ಯತ್ಯಾಸವಿದೆ. ಸಾಲದ ಮನೆಯ ಕ್ರಯಪತ್ರ ಬ್ಯಾಂಕಿನ ಕಪಾಟಿನಲ್ಲಿರುತ್ತದೆ.

ನಮ್ಮಲ್ಲಿ ಗೃಹಸಾಲದ ಅಡಮಾನ ಬಹುತೇಕ ಮೂಲಪತ್ರಗಳನ್ನು ಬ್ಯಾಂಕಿನಲ್ಲಿ ಇಡುವುದರ ಮೂಲಕ ಆಗುತ್ತದೆ. 1882ರ ಸ್ವತ್ತು ಹಸ್ತಾಂತರ ಕಾಯ್ದೆ ಈ ಬಗೆಯ ಅಡಮಾನವನ್ನು ಒಪ್ಪುತ್ತದೆ. ಮಾಲೀಕತ್ವ ಸಾಲಗಾರನದೇ, ವಾಸವೂ ಅವನದೇ. ಸಾಲ ತೀರುವವರೆಗೆ ಮನೆಯ ಬಗ್ಗೆ ಅವನು ಕೆಲವು ಮಾತು ಕೊಟ್ಟಿರುತ್ತಾನೆ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವುದಿಲ್ಲ, ಬಾಡಿಗೆಗೋ ಭೋಗ್ಯಕ್ಕೋ ಕೊಡುವುದಿಲ್ಲ, ಸ್ವಾಧೀನ ಬಿಟ್ಟುಕೊಡುವುದಿಲ್ಲ ಎಂಬ ಷರತ್ತುಗಳು ಸಾಲದ ಕರಾರಿನಲ್ಲಿ ಸಾಮಾನ್ಯ. ಸ್ವಂತ ಮಗ ಅಥವಾ ಮಗಳು ಬಾಡಿಗೆಯಿಲ್ಲದೆ ಇರುವುದನ್ನು ಬ್ಯಾಂಕುಗಳು ಸಾಮಾನ್ಯವಾಗಿ ಸ್ವಾಧೀನ ಬಿಟ್ಟುಕೊಟ್ಟಂತೆ ನೋಡುವುದಿಲ್ಲ. ಆದರೂ ಕರಾರನ್ನು ತೆಗೆದು ಓದಬೇಕು, ಶಾಖೆಗೆ ಒಂದು ಪತ್ರ ಕೊಟ್ಟು ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಬೇಕು. ಆ ಪತ್ರದಲ್ಲಿ ಮುಖ್ಯವಾದದ್ದು ಹೊಸ ವಿಳಾಸ.

ವಿಳಾಸದ ವಿಷಯ ಸಣ್ಣದಾಗಿ ಕಾಣುತ್ತದೆ. ಅದರಿಂದಲೇ ಮನೆ ಕಳೆದುಕೊಳ್ಳುವ ಹಂತಕ್ಕೆ ಹೋಗಬಹುದು. ಕಂತು ಬಾಕಿಯಾಗಿ 90 ದಿನ ದಾಟಿದರೆ ಸಾಲ ಅನುತ್ಪಾದಕ ಆಸ್ತಿಯ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸ್ ಕೊಡುತ್ತದೆ. ಆ ಅವಧಿಯಲ್ಲೂ ಬಾಕಿ ಕಟ್ಟದಿದ್ದರೆ ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಳ್ಳುವ, ಹರಾಜು ಹಾಕುವ ಅಧಿಕಾರ ಬ್ಯಾಂಕಿಗೆ ಬರುತ್ತದೆ. ಈ ನೋಟಿಸುಗಳು ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಅಂದರೆ ಮಗ ಇರುವ ಮನೆಗೆ. ಕೆಲಸ ಹೋಗಿ ಕಂತು ತಪ್ಪಿಸಿದ ಮಗ ಊರಿನಲ್ಲಿರುವ ಅಪ್ಪನಿಗೆ ಅದನ್ನು ಹೇಳಲಾರದೆ ಲಕೋಟೆಯನ್ನು ಮೇಜಿನ ಒಳಗೆ ಇಟ್ಟುಬಿಡಬಹುದು. ಕೆಟ್ಟತನದಿಂದ ಹಾಗೆ ಮಾಡುವವರು ಕಡಿಮೆ. ನಾಚಿಕೆಯಿಂದ, ಮುಂದಿನ ತಿಂಗಳು ಸರಿಹೋಗುತ್ತದೆಂಬ ಆಸೆಯಿಂದ ಮಾಡುವವರೇ ಹೆಚ್ಚು. ಅಷ್ಟರಲ್ಲಿ ಸಾಲಗಾರರಾದ ತಂದೆಯ ಸಿಬಿಲ್ ಅಂಕ ಕುಸಿದಿರುತ್ತದೆ. ಆದ್ದರಿಂದ ಹಣ ಯಾರದೇ ಇರಲಿ, ಕಂತು ತಂದೆಯ ಅಥವಾ ತಾಯಿಯ ಖಾತೆಯಿಂದಲೇ ಹೋಗಬೇಕು. ಬ್ಯಾಂಕಿನ ಸಂದೇಶ ಅವರ ಮೊಬೈಲಿಗೇ ಬರಬೇಕು. ಮಗ ಪ್ರತಿ ತಿಂಗಳು ಆ ಖಾತೆಗೆ ಹಣ ಹಾಕಲಿ. ಒಂದು ತಿಂಗಳು ತಪ್ಪಿದರೆ ಅದೇ ತಿಂಗಳು ತಿಳಿಯುತ್ತದೆ.

ಇನ್ನೊಂದು ಅಪಾಯ ಬೆಂಗಳೂರಿಗೆ ವಿಶೇಷವಾದದ್ದು. ಕಂಪನಿ ಪುಣೆಗೋ ಹೈದರಾಬಾದಿಗೋ ಕಳಿಸಿತೆಂದು ಮಗ ಹೊರಡುತ್ತಾನೆ, ಹೋಗುವ ಮೊದಲು ಮನೆಯನ್ನು ಯಾರಿಗೋ ಲೀಸಿಗೆ ಕೊಡುತ್ತಾನೆ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೈಗೆ ಬರುತ್ತದೆ, ತಿಂಗಳ ಬಾಡಿಗೆ ಇರುವುದಿಲ್ಲ, ಅವಧಿ ಮುಗಿದ ಮೇಲೆ ಹಣ ಹಿಂದಿರುಗಿಸಬೇಕು. ಅಡಮಾನದಲ್ಲಿರುವ ಮನೆಯನ್ನು ಹೀಗೆ ಕೊಡುವುದು ಮನೆಯವರಿಗೂ ಕೆಟ್ಟದ್ದು, ಒಳಗೆ ಬಂದವರಿಗೆ ಅದಕ್ಕಿಂತ ಕೆಟ್ಟದ್ದು. ಅಡಮಾನ ಮಾಡಿದವನು ಕಟ್ಟಡವನ್ನು ಲೀಸಿಗೆ ಕೊಡುವ ಅವಧಿಗೆ ಸ್ವತ್ತು ಹಸ್ತಾಂತರ ಕಾಯ್ದೆ 3 ವರ್ಷದ ಮಿತಿ ಹಾಕಿದೆ. ಸಾಲದ ಕರಾರಿನಲ್ಲಿ ನಿಷೇಧವಿದ್ದರೆ ಆ ಅಧಿಕಾರವೂ ಇಲ್ಲ. ಸರ್ಫೇಸಿ ನೋಟಿಸ್ ಬಂದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಹೊಸದಾಗಿ ಲೀಸಿಗೆ ಕೊಡುವಂತೆಯೇ ಇಲ್ಲ. ಮನೆ ಹರಾಜಾದರೆ ಲೀಸಿನ ಹಣ ಕೊಟ್ಟ ಕುಟುಂಬ ಬೀದಿಗೆ ಬೀಳುತ್ತದೆ. ಮನೆಯಲ್ಲಿ ಇರುವ ಅನುಮತಿ ಇತರರನ್ನು ಇರಿಸುವ ಅನುಮತಿಯಲ್ಲ ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.

ಈಗ ಕಂತಿನ ವಿಷಯಕ್ಕೆ ಬರುತ್ತೇನೆ. ಇಡೀ ಪ್ರಶ್ನೆಯ ಹೃದಯ ಇಲ್ಲಿದೆ ಎಂದು ನನಗನ್ನಿಸುತ್ತದೆ. "ಐದು ವರ್ಷದಿಂದ ಕಂತು ಕಟ್ಟುತ್ತಿರುವವನು ನಾನು, ಮನೆ ನನ್ನದಲ್ಲವೇ?" ಎಂದು ಮಗ ಕೇಳುವ ದಿನ ಬರುತ್ತದೆ. ಪ್ರಶ್ನೆಯಲ್ಲಿ ದುರಾಸೆಯಿಲ್ಲ, ಪ್ರಾಮಾಣಿಕ ನೋವಿದೆ. ಹಾಗಾಗಿ ಲೆಕ್ಕವನ್ನು ಎದುರಿಗಿಟ್ಟುಕೊಂಡು ನೋಡಬೇಕು. 50 ಲಕ್ಷದ ಮನೆ ಎಂದುಕೊಳ್ಳೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ಶೇ. 80ನ್ನು ಮೀರುವಂತಿಲ್ಲ. ಅಂದರೆ 40 ಲಕ್ಷ ಸಾಲ, ಉಳಿದ 10 ಲಕ್ಷ ಅಪ್ಪನ ಉಳಿತಾಯ. ಮುದ್ರಾಂಕ ಶುಲ್ಕ, ನೋಂದಣಿಗೆ ಮೂರು ನಾಲ್ಕು ಲಕ್ಷ ಬೇರೆ, ಅದೂ ಅಪ್ಪನದೇ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಮೊದಲ ತಿಂಗಳು ಅದರಲ್ಲಿ 28,300 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 6,400ರಷ್ಟು. ಐದು ವರ್ಷ ತಪ್ಪದೆ ಕಟ್ಟಿದರೆ ಒಟ್ಟು 20.8 ಲಕ್ಷ ಕಟ್ಟಿದಂತಾಯಿತು. ಅಸಲು ಇಳಿದಿರುವುದು ಸುಮಾರು 4.75 ಲಕ್ಷ ಮಾತ್ರ, ಇನ್ನೂ 35 ಲಕ್ಷ ಬಾಕಿ.

ಈ ಅಂಕಿಗಳು ಇಬ್ಬರಿಗೂ ಏನನ್ನೋ ಕಲಿಸುತ್ತವೆ. ಕಟ್ಟಿದ 20.8 ಲಕ್ಷದಲ್ಲಿ 16 ಲಕ್ಷ ಬಡ್ಡಿ. ಮಗ ಬೇರೆ ಕಡೆ ಬಾಡಿಗೆಗೆ ಇದ್ದಿದ್ದರೂ ಇಷ್ಟರ ದೊಡ್ಡ ಪಾಲು ಖರ್ಚಾಗುತ್ತಿತ್ತು. ಆ ಭಾಗವನ್ನು ವಾಸದ ಬೆಲೆ ಎಂದು ತಿಳಿಯುವುದು ನ್ಯಾಯ. ಆದರೆ ಅಸಲಿಗೆ ಹೋದ 4.75 ಲಕ್ಷ ಅಪ್ಪನ ಆಸ್ತಿಯನ್ನು ಬೆಳೆಸಿದೆ. ಅದನ್ನು ಯಾರೂ ಬಾಡಿಗೆ ಎನ್ನಲಾಗದು. ಅದು ದಾನವೋ, ಅಪ್ಪನಿಗೆ ಕೊಟ್ಟ ಕೈಸಾಲವೋ, ಮುಂದೆ ಮನೆ ಮಾರಿದರೆ ಹಿಂದಿರುಗಿಸಬೇಕಾದ ಹಣವೋ ಎಂಬುದನ್ನು ಕುಟುಂಬವೇ ತೀರ್ಮಾನಿಸಬೇಕು, ಯಾವ ಕಾನೂನೂ ಅದನ್ನು ತಾನಾಗಿ ತೀರ್ಮಾನಿಸಿಕೊಡುವುದಿಲ್ಲ. ವರ್ಷಕ್ಕೊಮ್ಮೆ ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರದಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ಅದನ್ನು ಅಪ್ಪ ಮಗ ಜೊತೆಗೆ ಕೂತು ಓದಿದರೆ ಅರ್ಧ ಅಪಾರ್ಥ ಅಲ್ಲೇ ಕರಗುತ್ತದೆ.

ಬಡ್ಡಿಯ ಏರಿಳಿತವನ್ನೂ ಇಲ್ಲೇ ನೆನೆಯಬೇಕು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಚರಬಡ್ಡಿಯ ಗೃಹಸಾಲಗಳು ರೆಪೋದಂಥ ಹೊರಗಿನ ಮಾನದಂಡಕ್ಕೆ ಜೋಡಿಸಲ್ಪಟ್ಟಿವೆ. 2020ರ ಮೇ ತಿಂಗಳಲ್ಲಿ ಶೇ. 4 ಇದ್ದ ರೆಪೋ ದರ 2023ರ ಫೆಬ್ರವರಿ ಹೊತ್ತಿಗೆ 6.5ಕ್ಕೆ ಏರಿತು, 2025ರಲ್ಲಿ ಮತ್ತೆ ಇಳಿಯತೊಡಗಿತು. ಶೇ. 7ರಲ್ಲಿ 40 ಲಕ್ಷಕ್ಕೆ 20 ವರ್ಷದ ಕಂತು 31,000. ಸಾಲದ ಆರಂಭದಲ್ಲೇ ದರ 9.5ಕ್ಕೆ ಏರಿದರೆ ತಿಂಗಳ ಬಡ್ಡಿಯೇ 31,600 ದಾಟುತ್ತದೆ, ಕಂತು ಅಸಲನ್ನು ಮುಟ್ಟುವುದೇ ಇಲ್ಲ. ದರ ಏರುತ್ತಿದ್ದ ಆ ವರ್ಷಗಳಲ್ಲಿ ಹಲವು ಬ್ಯಾಂಕುಗಳು ಕಂತು ಏರಿಸದೆ ಅವಧಿಯನ್ನು ಎಳೆದವು, ಸಾಲ ನಿವೃತ್ತಿಯ ಆಚೆಗೂ ಚಾಚಿತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಆಯ್ಕೆಯನ್ನು ಸಾಲಗಾರನ ಮುಂದಿಡಬೇಕೆಂದು ಆದೇಶಿಸಿತು. ಕಂತು ಏರಿಸಬೇಕೋ ಅವಧಿ ಎಳೆಯಬೇಕೋ ಎಂದು ಬ್ಯಾಂಕು ಕೇಳುವುದು ಸಾಲಗಾರ ತಂದೆಯನ್ನು. ಕಟ್ಟುತ್ತಿರುವವನು ಮಗ. ಒಬ್ಬರು ಇನ್ನೊಬ್ಬರನ್ನು ಕೇಳದೆ ಉತ್ತರ ಕೊಟ್ಟರೆ ಮನಸ್ತಾಪ ಬರದೆ ಇರದು.

ಅಪ್ಪನಿಗೆ ವಯಸ್ಸಾಗಿದ್ದರೆ ಮಗನನ್ನು ಸಹ-ಸಾಲಗಾರನನ್ನಾಗಿ ಸೇರಿಸಿಕೊಳ್ಳುವಂತೆ ಬ್ಯಾಂಕೇ ಹೇಳುತ್ತದೆ. ಇಲ್ಲಿ ಒಂದು ಅನ್ಯಾಯ ಸದ್ದಿಲ್ಲದೆ ನಡೆಯುತ್ತದೆ. ಸಹ-ಸಾಲಗಾರನಾದ ಮಾತ್ರಕ್ಕೆ ಯಾರೂ ಸಹ-ಮಾಲೀಕರಾಗುವುದಿಲ್ಲ. ಕ್ರಯಪತ್ರದಲ್ಲಿ ಹೆಸರಿಲ್ಲದ ಮಗ ಪೂರ್ತಿ ಸಾಲಕ್ಕೆ ಹೊಣೆ, ಮನೆಯಲ್ಲಿ ಒಂದಡಿಗೂ ಒಡೆಯನಲ್ಲ. ಗೃಹಸಾಲದ ತೆರಿಗೆ ರಿಯಾಯಿತಿಯೂ ಅವನಿಗೆ ಸಿಗದು, ಏಕೆಂದರೆ ಅದಕ್ಕೆ ಮಾಲೀಕತ್ವ ಬೇಕು. ನಾಳೆ ತನ್ನದೇ ಮನೆಗೆ ಸಾಲ ಕೇಳಿದಾಗ ಈ ಸಾಲವೂ ಅವನ ಲೆಕ್ಕದಲ್ಲಿರುತ್ತದೆ. "ಹೆಸರು ಅಪ್ಪನದಾದರೂ ಹಣ ನನ್ನದು, ನಿಜವಾದ ಮಾಲೀಕ ನಾನೇ" ಎಂದು ಮುಂದೆ ದಾವೆ ಹೂಡುವ ದಾರಿಗೂ 1988ರ ಬೇನಾಮಿ ಕಾಯ್ದೆ ಅಡ್ಡ ನಿಲ್ಲುತ್ತದೆ. ಮಕ್ಕಳ ಹೆಸರಲ್ಲಿ ತಂದೆತಾಯಿ ಕೊಂಡ ಆಸ್ತಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ. ತಂದೆತಾಯಿಯ ಹೆಸರಲ್ಲಿ ಮಕ್ಕಳು ಹಣ ಹಾಕಿದರೆ ವಿನಾಯಿತಿ ಸಿಗಲು ದಾಖಲೆಯಲ್ಲಿ ಇಬ್ಬರ ಹೆಸರೂ ಜಂಟಿಯಾಗಿ ಇರಬೇಕು. ಮಗನಿಗೆ ಪಾಲು ಕೊಡಬೇಕೆಂಬ ಮನಸ್ಸು ನಿಜವಾಗಿ ಇದ್ದರೆ ಬ್ಯಾಂಕಿನ ಒಪ್ಪಿಗೆ ಪಡೆದು ನೋಂದಾಯಿತ ಪತ್ರದಲ್ಲೇ ಕೊಡಬೇಕು. ಬಾಯಿಮಾತಿನ ಪಾಲು ಪಾಲಲ್ಲ.

ಆದಾಯ ತೆರಿಗೆಯ ವಿಷಯದಲ್ಲಿ ಹೆದರಿಕೆ ಹೆಚ್ಚು, ಕಷ್ಟ ಕಡಿಮೆ. ಮಗ ಬಾಡಿಗೆಯಿಲ್ಲದೆ ಇದ್ದರೆ ಅಪ್ಪನಿಗೆ ತೆರಿಗೆ ಬೀಳುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹಿಂದೆ ಒಂದಕ್ಕಿಂತ ಹೆಚ್ಚಿನ ಮನೆಗಳಿಗೆ ಇಲ್ಲದ ಬಾಡಿಗೆಯನ್ನೂ ಊಹಿಸಿ ತೆರಿಗೆ ಹಾಕುತ್ತಿದ್ದರು. 2019ರ ಬಜೆಟ್ಟಿನಿಂದ ಎರಡು ಮನೆಗಳನ್ನು ಸ್ವಂತ ವಾಸದವೆಂದು ತೋರಿಸಬಹುದಾಯಿತು. 2025ರ ಬಜೆಟ್ ಮಾಲೀಕ ಅಲ್ಲಿ ವಾಸಿಸದೆ ಇರುವ ಕಾರಣದ ಬಗೆಗಿದ್ದ ಷರತ್ತನ್ನೂ ತೆಗೆದುಹಾಕಿತು. ಊರಿನ ಮನೆ, ಬೆಂಗಳೂರಿನ ಮನೆ ಎರಡೇ ಇರುವವರಿಗೆ ಇದು ದೊಡ್ಡ ನೆಮ್ಮದಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇಂಥ ಮನೆಗಳ ಸಾಲದ ಬಡ್ಡಿಗೆ ಒಟ್ಟು 2 ಲಕ್ಷದವರೆಗೆ ರಿಯಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ.

ಮಗನಿಂದ ಬಾಡಿಗೆಯೆಂದೇ ಪಡೆದರೆ ಹೇಗೆ? ತಿಂಗಳಿಗೆ 25,000ದಂತೆ ವರ್ಷಕ್ಕೆ 3 ಲಕ್ಷ. ಅದರಲ್ಲಿ ಶೇ. 30 ನೇರವಾಗಿ ಕಳೆಯುತ್ತದೆ, ಉಳಿದದ್ದು 2.1 ಲಕ್ಷ. ಮೇಲಿನ ಸಾಲದ ಮೊದಲ ವರ್ಷದ ಬಡ್ಡಿ 3.3 ಲಕ್ಷ ದಾಟುತ್ತದೆ. ಬಾಡಿಗೆ ಮನೆಗೆ ಹೊಸ ಪದ್ಧತಿಯಲ್ಲೂ ಬಾಡಿಗೆಯ ಮಟ್ಟಿಗೆ ಬಡ್ಡಿಯನ್ನು ಕಳೆಯಬಹುದಾದ್ದರಿಂದ ಅಪ್ಪನಿಗೆ ಆ ಬಾಡಿಗೆಯ ಮೇಲೆ ತೆರಿಗೆಯೇ ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿರುವ ಮಗ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯನ್ನೂ ಕೇಳಬಹುದು. ಬಾಡಿಗೆ ನಿಜವಾಗಿ ಬ್ಯಾಂಕಿನ ಮೂಲಕ ಹೋಗಿರಬೇಕು, ವರ್ಷಕ್ಕೆ 1 ಲಕ್ಷ ಮೀರಿದರೆ ಅಪ್ಪನ ಪ್ಯಾನ್ ಸಂಖ್ಯೆ ಕೊಡಬೇಕು, ಮಗ ಸಹ-ಮಾಲೀಕನಾಗಿರಬಾರದು, ಅಷ್ಟೆ. ಮಕ್ಕಳಿಂದ ಬಾಡಿಗೆ ಪಡೆಯಲು ನಮ್ಮವರಿಗೆ ಸಂಕೋಚ. ನನ್ನ ಅಭಿಪ್ರಾಯದಲ್ಲಿ, ಕಂತಿನ ಸಾಲ ಇರುವಾಗ ಬಾಡಿಗೆ ಎಂಬ ಹೆಸರೇ ಇಬ್ಬರಿಗೂ ಹೆಚ್ಚು ಸುರಕ್ಷಿತ. ಕಂತು ಎಂದಾಗ ಮಾಲೀಕತ್ವದ ಆಸೆ ಹುಟ್ಟುತ್ತದೆ, ಬಾಡಿಗೆ ಎಂದಾಗ ಹುಟ್ಟುವುದಿಲ್ಲ. ಆದರೆ ಬಾಡಿಗೆ ಎಂದ ಕೂಡಲೇ ಬ್ಯಾಂಕಿನ ಒಪ್ಪಿಗೆ ಬೇಕಾಗಬಹುದು. ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ 2008ರ ಘಟಕ ಪ್ರದೇಶ ಪದ್ಧತಿ ಬಂದಾಗಿನಿಂದ ಬಾಡಿಗೆ ಮನೆಗೆ ಸ್ವಂತ ವಾಸದ ಮನೆಗಿಂತ ಹೆಚ್ಚಿನ ದರ ಇಟ್ಟಿದ್ದಾರೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಈ ಮನೆಯ ಆರ್.ಆರ್. ಸಂಖ್ಯೆಗೆ ಅಪ್ಪನ ಆಧಾರ್ ಜೋಡಿಸಿದ್ದರೆ ಊರಿನ ಮನೆಗೆ ಆ ಸೌಲಭ್ಯ ಸಿಗುವಂತೆ ಇಲ್ಲಿಂದ ಬಿಡಿಸಿಕೊಳ್ಳಬೇಕು, ಅದು ಸಣ್ಣ ಕೆಲಸ.

ವಾಸ ಮಾಡಿದ್ದರಿಂದ ಹಕ್ಕು ಬರುತ್ತದೆಯೇ? 12 ವರ್ಷ ಇದ್ದರೆ ಮನೆ ಅವರದಾಗುತ್ತದೆ ಎಂಬ ಮಾತು ಜಗುಲಿ ಜಗುಲಿಯಲ್ಲಿ ಕೇಳಿಬರುತ್ತದೆ. ಪ್ರತಿಕೂಲ ಸ್ವಾಧೀನಕ್ಕೆ ಮಾಲೀಕನ ವಿರುದ್ಧವಾಗಿ, ಬಹಿರಂಗವಾಗಿ ಹಿಡಿದ ಸ್ವಾಧೀನ ಬೇಕು. ಒಪ್ಪಿಗೆಯಿಂದ ಇರುವ ಮಗನಿಗೆ ಅದು ಅನ್ವಯಿಸದು. 2012ರಲ್ಲಿ ಗೋವಾದ ಮನೆಯೊಂದರ ಬಗ್ಗೆ ಒಡಹುಟ್ಟಿದವರ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಉಚಿತವಾಗಿ ಇರಲು ಬಿಟ್ಟವರು ದಶಕಗಟ್ಟಲೆ ಇದ್ದರೂ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಸ್ಪಷ್ಟಪಡಿಸಿತು. ತಂದೆತಾಯಿ ಸ್ವಂತ ದುಡಿಮೆಯಿಂದ ಮಾಡಿದ ಮನೆಯಲ್ಲಿ ಮಗ, ಮದುವೆಯಾಗಿರಲಿ ಇಲ್ಲದಿರಲಿ, ಅವರ ಕೃಪೆಯಿಂದ ಮಾತ್ರ ಇರಬಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. ಸಾಲ ಮಾಡಿ ಕೊಂಡ ಮನೆ ಸ್ವಯಾರ್ಜಿತವೇ. ಪಿತ್ರಾರ್ಜಿತದ ವಾದ ಅಲ್ಲಿ ನಿಲ್ಲುವುದಿಲ್ಲ. ಆದರೆ ಒಂದು ಎಚ್ಚರ ಬೇಕು. ಅನುಮತಿ ಪಡೆದವನು ಆ ಅನುಮತಿಯನ್ನು ನಂಬಿ ಹಣ ಹಾಕಿ ಶಾಶ್ವತ ಕಟ್ಟಡ ಕಟ್ಟಿದರೆ ಅನುಮತಿಯನ್ನು ಹಿಂಪಡೆಯಲಾಗದು ಎಂಬ ತತ್ವ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿದೆ. ಅಪ್ಪನ ಮನೆಯ ಮೇಲೆ ಮಗ ತನ್ನ ಖರ್ಚಿನಲ್ಲಿ ಇನ್ನೊಂದು ಅಂತಸ್ತು ಎತ್ತುವುದು ನಮ್ಮ ನಿವೇಶನದ ಮನೆಗಳಲ್ಲಿ ತೀರ ಸಾಮಾನ್ಯ. ಗೋಡೆಗೆ ಬಣ್ಣ ಹೊಡೆಸುವುದಕ್ಕೂ ಮಹಡಿ ಕಟ್ಟಿಸುವುದಕ್ಕೂ ಕಾನೂನಿನ ಕಣ್ಣಿನಲ್ಲಿ ಬಹಳ ಅಂತರವಿದೆ. ಅಡಮಾನದ ಮನೆಗಾದರೆ ಅದಕ್ಕೂ ಬ್ಯಾಂಕಿನ ಒಪ್ಪಿಗೆ ಬೇಕು.

ಸಂಬಂಧ ಕೆಟ್ಟರೆ ಏನು ದಾರಿ? 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆಯಡಿ 60 ದಾಟಿದ ತಂದೆತಾಯಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದ ದಾನಪತ್ರವನ್ನು, ಷರತ್ತು ಮುರಿದರೆ ಅದು ರದ್ದುಮಾಡಬಲ್ಲದು. ಮಕ್ಕಳನ್ನು ಹೊರಹಾಕುವ ಆದೇಶವನ್ನೂ ಮಂಡಳಿ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಇನ್ನೊಂದು ಪ್ರಕರಣದಲ್ಲಿ, ಎಲ್ಲ ಪ್ರಸಂಗದಲ್ಲೂ ಹೊರಹಾಕಲೇಬೇಕೆಂದಿಲ್ಲ, ಅಗತ್ಯವಿದ್ದರೆ ಮಾತ್ರ ಎಂದೂ ಹೇಳಿತು. ಎರಡನ್ನೂ ಜೊತೆಗಿಟ್ಟು ಓದಬೇಕು.

ಮಗನನ್ನು ಹೊರಹಾಕುವುದು ಒಂದು ಮಾತು, ಸೊಸೆಯನ್ನು ಹೊರಹಾಕುವುದು ಬೇರೆಯೇ ಮಾತು. ಮನೆಯಲ್ಲಿ ಇರಲು ಬಿಟ್ಟಾಗ ಮಗ ಒಂಟಿ. ಎರಡು ವರ್ಷದಲ್ಲಿ ಮದುವೆಯಾಗಿ ಸೊಸೆ ಆ ಮನೆಗೇ ಬರುತ್ತಾಳೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ಹಂಚಿಕೊಂಡು ಬಾಳಿದ ಮನೆಯಲ್ಲಿ ವಾಸದ ಹಕ್ಕನ್ನು ಕೊಡುತ್ತದೆ. ಮನೆ ಗಂಡನದೋ ಬಾಡಿಗೆಯದೋ ಆಗಿದ್ದರೆ ಮಾತ್ರ ಆ ಹಕ್ಕು ಎಂಬ 2006ರ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು. ಮಾವನ ಹೆಸರಿನ ಮನೆಯೂ ಅವಳ ಬಾಳಿನ ಮನೆಯಾಗಬಹುದು. ಅದರ ಬೆನ್ನಿಗೇ ಡಿಸೆಂಬರ್‌ನಲ್ಲಿ ಬೆಂಗಳೂರಿನ ಪ್ರಕರಣವೊಂದರ ತೀರ್ಪು ಬಂತು. ಗಂಡ ತಾನು ಕೊಂಡ ಆಸ್ತಿಯನ್ನು ತಂದೆಗೆ ಮಾರಿದ್ದ. ದಾಂಪತ್ಯ ಒಡೆದ ಮೇಲೆ ತಂದೆ ಅದನ್ನು ತಾಯಿಗೆ ದಾನ ಮಾಡಿದ್ದರು. ಆಮೇಲೆ ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆಯಡಿ ಸೊಸೆಯನ್ನು ಹೊರಹಾಕುವ ಆದೇಶ ಪಡೆದಿದ್ದರು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಆ ಆದೇಶವನ್ನು ರದ್ದುಮಾಡಿತು. ಹಿರಿಯರ ರಕ್ಷಣೆಗೆ ಇರುವ ಕಾನೂನು ಹೆಣ್ಣಿನ ರಕ್ಷಣೆಗೆ ಇರುವ ಕಾನೂನನ್ನು ಅಳಿಸುವ ಸಾಧನವಾಗಬಾರದು ಎಂಬುದು ಅದರ ಸಾರ. ನನಗೆ ಈ ತೀರ್ಪು ಸರಿಯೆನಿಸುತ್ತದೆ. ಸೊಸೆಯ ಹಕ್ಕು ವಾಸದ್ದು, ಮಾಲೀಕತ್ವದ್ದಲ್ಲ. ಹಿರಿಯರ ನೆಮ್ಮದಿಯೊಂದಿಗೆ ಅದನ್ನು ತೂಗಿ, ಬೇರೆ ವಸತಿ ಕೊಡಿಸುವ ದಾರಿಯನ್ನೂ ನ್ಯಾಯಾಲಯ ಹಿಡಿಯಬಹುದು. ಸಾಲದ ಮನೆಯ ಮಟ್ಟಿಗೆ ಇದರ ಅರ್ಥ ಇಷ್ಟೇ: ನಿವೃತ್ತಿಯ ನಂತರ ಮನೆ ಮಾರಿ ಸಾಲ ತೀರಿಸುವ ಯೋಚನೆ ನಿಮಗಿದ್ದರೆ ಮದುವೆಯ ಮಾತುಕತೆಯಲ್ಲೇ ಬೀಗರಿಗೂ ಹುಡುಗಿಗೂ ಮನೆ ಯಾರದು, ಎಷ್ಟು ಸಾಲವಿದೆ ಎಂದು ಹೇಳಿಬಿಡಬೇಕು. "ಹುಡುಗನಿಗೆ ಬೆಂಗಳೂರಲ್ಲಿ ಸ್ವಂತ ಮನೆ ಇದೆ" ಎಂದು ಹೇಳಿ ಮದುವೆ ಮಾಡಿ, ಆಮೇಲೆ ಮನೆ ನಮ್ಮದು ಎನ್ನುವುದು ಆ ಹೆಣ್ಣಿಗೆ ಮಾಡುವ ಮೋಸ.

ಇನ್ನು ಉಳಿದ ಮಕ್ಕಳ ಮಾತು. ತೀರ ಕಡಿಮೆ ಚರ್ಚೆಯಾಗುವುದು ಇದೇ, ತೀರ ಆಳದ ಗಾಯ ಮಾಡುವುದೂ ಇದೇ. ಅಣ್ಣ ಬೆಂಗಳೂರಿನ ಮನೆಯಲ್ಲಿದ್ದಾನೆ, ತಂಗಿ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಯಾರೂ ಅವಳನ್ನು ಕೇಳಿರುವುದಿಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ರಾಜ್ಯ, ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಅದೇ ತಿದ್ದುಪಡಿ, ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಪಾಲು ಕೇಳುವಂತಿಲ್ಲ ಎಂದು ಹೆಣ್ಣುಮಕ್ಕಳನ್ನು ತಡೆದಿದ್ದ ಹಳೆಯ ನಿಯಮವನ್ನೂ ಕಿತ್ತುಹಾಕಿತು. ಹಿಂದೂ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಸ್ವಯಾರ್ಜಿತ ಮನೆ ಹೆಂಡತಿ, ಮಕ್ಕಳು ಮತ್ತು ಬದುಕಿದ್ದರೆ ತಂದೆಯ ತಾಯಿಗೆ ಸಮವಾಗಿ ಹೋಗುತ್ತದೆ. ಅಲ್ಲಿ ವಾಸವಿದ್ದ ಮಗನಿಗೆ ಒಂದು ಕವಡೆಯೂ ಹೆಚ್ಚಿಲ್ಲ. ಹತ್ತು ವರ್ಷ ಕಂತು ಕಟ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲದಿದ್ದರೆ ಅವನಿಗೆ ಅನ್ಯಾಯ. ಹತ್ತು ವರ್ಷ ಉಚಿತವಾಗಿ ಇದ್ದುದನ್ನು ಯಾರೂ ಎತ್ತದೆ ಹೋದರೆ ತಂಗಿಗೆ ಅನ್ಯಾಯ. ಎರಡಕ್ಕೂ ಮದ್ದು ತಂದೆತಾಯಿ ಬದುಕಿರುವಾಗಲೇ ಬರೆಯುವ ಉಯಿಲು. ಅದರ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು, ಆದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದಿನ ಅನುಮಾನ ಕಡಿಮೆಯಾಗುತ್ತದೆ. ಸಾಲ ಬಾಕಿ ಇದ್ದರೆ ಅದನ್ನು ಯಾರು ತೀರಿಸಬೇಕು ಎಂದೂ ಉಯಿಲಿನಲ್ಲಿ ಬರೆಯಬೇಕು. ಬಹಳ ಮಂದಿ ಅದನ್ನು ಮರೆಯುತ್ತಾರೆ.

ಇಷ್ಟೆಲ್ಲದಕ್ಕೂ ದೊಡ್ಡ ದಸ್ತಾವೇಜು ಬೇಕಿಲ್ಲ. ಒಂದು ಹಾಳೆಯ ಒಪ್ಪಂದ ಸಾಕು. ಮನೆ ತಂದೆತಾಯಿಯದು, ಮಗ ಅಥವಾ ಮಗಳು ಅವರ ಅನುಮತಿಯಿಂದ ಇರುತ್ತಾರೆ, ಬೇರೆಯವರನ್ನು ಇರಿಸುವಂತಿಲ್ಲ ಎಂಬುದು ಅದರಲ್ಲಿರಲಿ. ತಿಂಗಳಿಗೆ ಕೊಡುವ ಹಣ ಬಾಡಿಗೆಯೋ ನೆರವೋ ಸಾಲವೋ, ಅಸಲಿಗೆ ಹೋದ ಭಾಗವನ್ನು ಮುಂದೆ ಹೇಗೆ ನೋಡುವುದು ಎಂಬುದೂ ಇರಲಿ. ಮೇಂಟೆನೆನ್ಸ್, ಆಸ್ತಿ ತೆರಿಗೆ, ದುರಸ್ತಿ ಯಾರ ಹೊಣೆ, ಮನೆ ಬೇಕಾದಾಗ ಎಷ್ಟು ತಿಂಗಳ ಮುಂಚೆ ಹೇಳಬೇಕು ಎಂದೂ ಬರೆಯಿರಿ. ಎಲ್ಲ ಮಕ್ಕಳ ಸಹಿಯೂ ಇದ್ದರೆ ಒಳ್ಳೆಯದು. ನಂಬಿಕೆಯಿಲ್ಲದವರು ಬರೆದುಕೊಳ್ಳುತ್ತಾರೆ ಎಂಬ ಭಾವನೆ ನಮ್ಮಲ್ಲಿದೆ. ನಂಬಿಕೆ ಗಟ್ಟಿಯಾಗಿರುವಾಗ ಬರೆದದ್ದು ಮಾತ್ರ ನ್ಯಾಯವಾಗಿರುತ್ತದೆ, ಜಗಳದ ನಡುವೆ ಬರೆದದ್ದು ಎಂದೂ ಆಗುವುದಿಲ್ಲ.

ನಾಡಿನ ಹೊರಗಿರುವ ಕನ್ನಡಿಗರಿಗೆ ನಿಯಮ ಬೇರೆ. ಮುಂಬೈನ ಸಹಕಾರಿ ವಸತಿ ಸಂಘಗಳು ಮಾಲೀಕ ವಾಸಿಸದ ಮನೆಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ. ಮಹಾರಾಷ್ಟ್ರ ಸರಕಾರ 2001ರಲ್ಲಿ ಅದಕ್ಕೆ ಸೇವಾ ಶುಲ್ಕದ ಶೇ. 10ರ ಮಿತಿ ಹಾಕಿತು, ಮಕ್ಕಳಂಥ ಹತ್ತಿರದವರು ಇದ್ದರೆ ಹಾಕುವಂತಿಲ್ಲ. ಅಮೆರಿಕದಲ್ಲಿ ಸ್ವಂತ ವಾಸಕ್ಕೆಂದು ಸಾಲ ಪಡೆದವರು ಸಾಮಾನ್ಯವಾಗಿ 60 ದಿನದೊಳಗೆ ಮನೆ ಹೊಕ್ಕು ಕನಿಷ್ಠ ಒಂದು ವರ್ಷ ಅಲ್ಲಿರಬೇಕು. ಮೊದಲಿನಿಂದಲೇ ಮಗನಿಗೆಂದು ಕೊಂಡು ಸ್ವಂತ ವಾಸ ಎಂದು ಬರೆದರೆ ಅದು ವಂಚನೆ. ವರ್ಷ ಕಳೆದು ಬೇರೆಡೆ ಹೋದವರಿಗೆ ಆ ತೊಡಕಿಲ್ಲ. ಆದರೆ ಮಕ್ಕಳಿಂದ ಮಾರುಕಟ್ಟೆಗಿಂತ ಕಡಿಮೆ ಬಾಡಿಗೆ ಪಡೆದರೆ ಅಲ್ಲಿನ ತೆರಿಗೆ ಇಲಾಖೆ ಅದನ್ನು ಸ್ವಂತ ಬಳಕೆಯೆಂದೇ ನೋಡುತ್ತದೆ, ಬಾಡಿಗೆ ಮನೆಯ ಖರ್ಚುಗಳನ್ನು ಪೂರ್ತಿ ಕಳೆಯಲು ಬಿಡುವುದಿಲ್ಲ. ಮನೆ ಮಾರಿದಾಗ ಲಾಭದಲ್ಲಿ 2,50,000 ಡಾಲರ್, ದಂಪತಿಗೆ 5,00,000 ಡಾಲರ್‌ವರೆಗೆ ಸಿಗುವ ತೆರಿಗೆ ವಿನಾಯಿತಿಗೆ ಹಿಂದಿನ 5 ವರ್ಷದಲ್ಲಿ 2 ವರ್ಷ ಮಾಲೀಕರೇ ಅಲ್ಲಿ ವಾಸವಿದ್ದಿರಬೇಕು. ಮಗ ಇದ್ದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಮೂರು ವರ್ಷ ಮೀರಿ ಮಗನನ್ನು ಅಲ್ಲಿ ಬಿಡುವವರು ಇದನ್ನು ಮೊದಲೇ ಯೋಚಿಸಬೇಕು.

ಸಾಲ ತೀರುವ ದಿನವೂ ಈ ಏರ್ಪಾಡಿನ ಭಾಗವೇ. ಪೂರ್ತಿ ಹಣ ಕಟ್ಟಿದ 30 ದಿನದೊಳಗೆ ಬ್ಯಾಂಕು ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 1ರಿಂದ ನಿಯಮ ಮಾಡಿದೆ. ಊರಿಂದ ಬರುವುದು ಕಷ್ಟವೆಂದು ಮಗನಿಗೆ ಅಧಿಕಾರಪತ್ರ ಕೊಟ್ಟು ತರಿಸಿಕೊಳ್ಳುವವರು ಬಹಳ. ಸಾಧ್ಯವಿದ್ದರೆ ಸಾಲಗಾರರೇ ಹೋಗಬೇಕು. ಮೂಲ ಕ್ರಯಪತ್ರ, ಖಾತಾ, ಹಿಂದಿನ ಪತ್ರಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಪಡೆಯಬೇಕು. ಬ್ಯಾಂಕಿನ ಋಣಮುಕ್ತಿ ಪತ್ರ ಪಡೆದು, ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸೈ ದಾಖಲೆಯಲ್ಲಿ ಅಡಮಾನ ತೆಗೆದದ್ದನ್ನು ಖಚಿತಪಡಿಸಿಕೊಳ್ಳಬೇಕು. ಅಡಮಾನವನ್ನು ನೋಂದಾಯಿಸಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಋಣಭಾರ ಪತ್ರ (ಇಸಿ) ತೆಗೆದು ನೋಡಬೇಕು. ಆ ಪತ್ರಗಳು ಯಾರ ಬಳಿ ಇವೆ ಎಂದು ಎಲ್ಲ ಮಕ್ಕಳಿಗೂ ತಿಳಿಸಿ, ಪ್ರತಿಯನ್ನು ಅವರಿಗೂ ಕಳಿಸಬೇಕು.